ಫಿಜಿಯಲ್ಲಿ ಹುಟ್ಟಿದ ಕಾರ್ಕ್ ಕ್ಯಾಪ್ಟನ್

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಐರ್ಲೆಂಡ್‌ನ ಕಾರ್ಕ್ ನಗರದ ಉತ್ತರ ಭಾಗ. ಎಲ್ಲಿ ನೋಡಿದರೂ ಏರು ರಸ್ತೆ. ಇಲ್ಲಿನ ನಾ ಪಿಯರ್ಸಿ ಕ್ಲಬ್‌ನ ಹುಡುಗನೊಬ್ಬನ ಕಥೆ ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಹೆಸರು ಶಾನ್ ಓಗ್ ಓ ಹಾಲ್ಪಿನ್.

ಅವನ ಆಟ ಹರ್ಲಿಂಗ್, ಐರ್ಲೆಂಡ್‌ನದೇ ಆಟ. ನೋಡದವರಿಗೆ ಬೇಗ ಹೇಳಿಬಿಡುತ್ತೇನೆ. ಒಂದೊಂದು ತಂಡಕ್ಕೆ 15 ಜನ. ಕೈಯಲ್ಲಿ ಆಶ್ ಮರದ ಕೋಲು, ಚರ್ಮ ಹೊದಿಸಿದ ಪುಟ್ಟ ಚೆಂಡು. ಗೋಲ್ ಬಲೆಗೆ ಹೊಡೆದರೆ 3 ಅಂಕ, ಅಡ್ಡಪಟ್ಟಿಯ ಮೇಲಿಂದ ಹಾಯಿಸಿದರೆ 1. ಚೆಂಡು ತಲೆಯೆತ್ತರದಲ್ಲಿ ಬರುವಾಗ ಇಬ್ಬರೂ ಕೋಲು ಬೀಸುತ್ತಾರೆ. ಮೊದಲ ಸಲ ನೋಡಿದರೆ ಭಯವಾಗುತ್ತದೆ, ನಿಜ.

ಇಲ್ಲಿನ ಮಕ್ಕಳು ಸರಿಯಾಗಿ ಮಾತು ಬರುವ ಮುಂಚೆಯೇ ಕೋಲು ಹಿಡಿಯುತ್ತಾರೆ. ಶಾನ್ ಓಗ್ ಹಾಗಲ್ಲ. 1977ರಲ್ಲಿ ಹುಟ್ಟಿದ್ದು ಫಿಜಿಗೆ ಸೇರಿದ ರೊಟುಮಾ ದ್ವೀಪದಲ್ಲಿ, ಬೆಳೆದದ್ದು ಸಿಡ್ನಿಯಲ್ಲಿ. ಮನೆಯವರೆಲ್ಲ ಕಾರ್ಕ್‌ಗೆ ಬಂದದ್ದು 1988ರಲ್ಲಿ. ಆಗ ಅವನಿಗೆ 11 ವರ್ಷ. ಮಿಹಾಲ್ ಓ ಮುರ್ಹರ್ಟಿ ಅಂತ ಒಬ್ಬ ಹಿರಿಯ ಕಾಮೆಂಟೇಟರ್ ಇದ್ದರು. ಶಾನ್ ಓಗ್‌ನ ಅಪ್ಪ ಉತ್ತರ ಐರ್ಲೆಂಡ್‌ನ ಫರ್ಮಾನಾದವರು, ಅಮ್ಮ ಫಿಜಿಯವರು, ಎರಡೂ ಹರ್ಲಿಂಗ್‌ಗೆ ಹೆಸರಾದ ಜಾಗಗಳಲ್ಲ ಅಂತ ಅವರು ತಮಾಷೆ ಮಾಡಿದ್ದು ಇಲ್ಲಿ ಎಲ್ಲರ ಬಾಯಲ್ಲೂ ಇದೆ.

1999ರ ಸೆಪ್ಟೆಂಬರ್ ನೋಡಿ. ಹರ್ಲಿಂಗ್ ಆಲ್-ಐರ್ಲೆಂಡ್ ಫೈನಲ್‌ನಲ್ಲಿ, ಅಂದರೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ತಂಡಗಳ ದೊಡ್ಡ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ, ಕಾರ್ಕ್ ತಂಡ ಕಿಲ್ಕೆನ್ನಿಯನ್ನು ಸೋಲಿಸಿತು, ಒಂದೇ ಒಂದು ಅಂಕದಿಂದ. ಅದೇ ತಿಂಗಳು ಗೇಲಿಕ್ ಫುಟ್ಬಾಲ್ (ಕೈ-ಕಾಲು ಎರಡನ್ನೂ ಬಳಸುವ ಐರಿಷ್ ಫುಟ್ಬಾಲ್) ಫೈನಲ್‌ನಲ್ಲಿ ಕಾರ್ಕ್ ಮೀತ್ ಎದುರು ಸೋತಿತು. ಎರಡರಲ್ಲೂ ಇವನು ಆಡಿದ್ದ! ದೇಹ ಹೇಗೆ ತಡೆಯಿತೋ.

2001ರಲ್ಲಿ ಕಾರು ಅಪಘಾತವಾಗಿ ಮಂಡಿಗೆ ಕೆಟ್ಟ ಪೆಟ್ಟು ಬಿತ್ತು. ಅಲ್ಲಿಗೆ ಎಷ್ಟೋ ಜನ ಆಟ ಬಿಡುತ್ತಿದ್ದರು. ಇವನು 2004ರಲ್ಲಿ ಮತ್ತೆ ಆಲ್-ಐರ್ಲೆಂಡ್ ಗೆದ್ದು, ಆ ವರ್ಷದ ಶ್ರೇಷ್ಠ ಹರ್ಲರ್ ಅನ್ನಿಸಿಕೊಂಡ.

ಇಷ್ಟೆಲ್ಲ ಮಾಡಿದ್ದಕ್ಕೆ ಸಂಬಳ ಎಷ್ಟು? ಸೊನ್ನೆ. ಈ ಆಟ ಇವತ್ತಿಗೂ ಅಮೆಚೂರ್. ಬ್ಯಾಂಕ್ ಕೆಲಸ ಮುಗಿಸಿ ಪ್ರಾಕ್ಟೀಸ್‌ಗೆ ಹೋಗುತ್ತಿದ್ದ. ತಮ್ಮ ಸೆಟಾಂಟಾ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಫುಟ್ಬಾಲ್ ಕ್ಲಬ್ ಕಾರ್ಲ್‌ಟನ್ ಪರ ದುಡ್ಡಿಗೆ ಆಡಿದ. ಅದರಲ್ಲಿ ತಪ್ಪೇನೂ ಇಲ್ಲ, ಅಲ್ವಾ? ಅಣ್ಣ ಮಾತ್ರ ಕಾರ್ಕ್‌ನಲ್ಲೇ ಉಳಿದ. ಹಾಗಂತ ಸುಮ್ನೆ ತಲೆಬಾಗಿ ಆಡಿಕೊಂಡಿದ್ದವರಲ್ಲ ಇವರು. ಸರಿಯಾದ ಸೌಕರ್ಯ ಬೇಕು ಅಂತ ಕಾರ್ಕ್ ಆಟಗಾರರು 2002ರಲ್ಲಿ ಸ್ಟ್ರೈಕ್ ಮಾಡಿದ್ದರು.

2005. ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಂ. ಫೈನಲ್‌ನಲ್ಲಿ ಗಾಲ್ವೇ ತಂಡವನ್ನು ಸೋಲಿಸಿ, ಕ್ಯಾಪ್ಟನ್ ಶಾನ್ ಓಗ್ ಆಲ್-ಐರ್ಲೆಂಡ್ ಹರ್ಲಿಂಗ್ ಗೆದ್ದವರಿಗೆ ಸಿಗುವ ಲಿಯಾಮ್ ಮೆಕಾರ್ಥಿ ಕಪ್ ಎತ್ತಿದ. ಗೆದ್ದವರ ಭಾಷಣವನ್ನು ಪೂರ್ತಿ ಐರಿಷ್‌ನಲ್ಲೇ ಮಾಡಿದ. ಇಲ್ಲಿ ಹೆಚ್ಚಿನವರು ಐರಿಷ್ ಕಲಿಯುವುದು ಶಾಲೆಯಲ್ಲಿ, ಆಮೇಲೆ ಬಳಸುವುದು ಬಹಳ ಕಡಿಮೆ. ದ್ವೀಪದಿಂದ ಬಂದವನು ತುಂಬಿದ ಸ್ಟೇಡಿಯಂನಲ್ಲಿ ನಿಂತು ಅವರದೇ ಭಾಷೆಯನ್ನು ಅವರಿಗೆ ಕೇಳಿಸಿದ. ಬೇರೆ ದೇಶಕ್ಕೆ ಬಂದು ನೆಲೆಸಿದ ನನ್ನಂಥವರಿಗೆ ಆ ಕ್ಲಿಪ್ ನೋಡಿದರೆ ಹೊಟ್ಟೆಕಿಚ್ಚೂ ಆಗುತ್ತದೆ.

ಎಲ್ಲರೂ ಅವನ ಫಿಜಿ ಕಥೆಯನ್ನೇ ಹೇಳುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಕೊನೆಯ ಎರಡು ವರ್ಷ. 2010ರ ಸೀಸನ್ ಮುಗಿದ ಮೇಲೆ ಅವನನ್ನು ತಂಡದಿಂದ ಕೈಬಿಟ್ಟರು. ವಯಸ್ಸು 33. ಅಷ್ಟು ಹೊತ್ತಿಗೆ ಮೂರು ಆಲ್-ಐರ್ಲೆಂಡ್ ಪದಕ ಇದ್ದವು. ಮುನಿಸಿಕೊಂಡು ಮನೆಯಲ್ಲಿ ಕೂರಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ 2012ಕ್ಕೆ ಹೊಸ ಮ್ಯಾನೇಜರ್ ಜಿಮ್ಮಿ ಬ್ಯಾರಿ-ಮರ್ಫಿ ಕರೆದಾಗ ಹೋದ. ತನಗಿಂತ ಎಷ್ಟೋ ಚಿಕ್ಕ ಹುಡುಗರ ಜೊತೆ ಮತ್ತೆ ಬೆವರು ಸುರಿಸಿದ. ಕಾರ್ಕ್ ಸೆಮಿಫೈನಲ್ ತನಕ ಹೋಗಿ ಗಾಲ್ವೇಗೆ ಸೋತಿತು. ನಾಲ್ಕನೇ ಪದಕ ಸಿಗಲಿಲ್ಲ. ಅದೇ ವರ್ಷ ಕಾರ್ಕ್ ತಂಡಕ್ಕೆ ವಿದಾಯ ಹೇಳಿದ, ಈ ಸಲ ತಾನಾಗಿಯೇ.