ಮಾಂಸ ಪೂರ್ತಿ ಬಿಡಿ ಅನ್ನುತ್ತಿಲ್ಲ, ಅರ್ಧ ಮಾಡಿ ಅನ್ನುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ಪರಿಸರಕ್ಕಾಗಿ ಮಾಂಸ ಕಡಿಮೆ ತಿನ್ನೋಣ ಅಂದರೆ ಸಾಕು, ಮಾತು ಎರಡೇ ತುದಿಗೆ ಹೋಗಿ ನಿಲ್ಲುತ್ತದೆ. ಪೂರ್ತಿ ಬಿಡದೆ ಏನೂ ಪ್ರಯೋಜನವಿಲ್ಲ ಅನ್ನುವವರು ಒಂದು ಕಡೆ. ನಾನೊಬ್ಬ ಬಿಟ್ಟರೆ ಏನಾಗುತ್ತದೆ ಅನ್ನುವವರು ಇನ್ನೊಂದು ಕಡೆ. ನಡುವೆ ಒಂದು ದಾರಿ ಇದೆ. ಆ ದಾರಿಯಿಂದ ಆಗುವ ಲಾಭ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ.

ಸುಮ್ನೆ ಹೇಳುತ್ತಿಲ್ಲ. 2018ರಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,700 ಫಾರ್ಮ್‌ಗಳ ಮಾಹಿತಿ ಒಟ್ಟುಗೂಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಇಡೀ ಜಗತ್ತು ಮಾಂಸ, ಹಾಲು, ಮೊಟ್ಟೆ ಎಲ್ಲವನ್ನೂ ಬಿಟ್ಟರೆ, ನಮ್ಮ ಆಹಾರದಿಂದ ಗಾಳಿಗೆ ಸೇರುವ ಹಸಿರುಮನೆ ಅನಿಲ (ಭೂಮಿಯ ಬಿಸಿ ಹಿಡಿದಿಡುವ ಅನಿಲ) ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಅವರ ಒಂದು ಲೆಕ್ಕ. ಅದು ನಡೆಯುವ ಮಾತಲ್ಲ, ಬಿಡಿ. ಆದರೆ ಅವರದೇ ಇನ್ನೊಂದು ಲೆಕ್ಕ ಇದೆ. ಇವನ್ನೆಲ್ಲ ಅರ್ಧ ಮಾತ್ರ ಕಡಿಮೆ ಮಾಡಬೇಕು. ಯಾವ ಉತ್ಪಾದಕರಿಂದ ಹಾನಿ ಜಾಸ್ತಿಯೋ ಅವರದ್ದನ್ನೇ ಬಿಡಬೇಕು. ಹಾಗೆ ಮಾಡಿದರೆ, ಪೂರ್ತಿ ಬಿಟ್ಟಾಗ ಹವಾಮಾನಕ್ಕೆ ಆಗುವ ಲಾಭದಲ್ಲಿ ನೂರಕ್ಕೆ 71 ಪಾಲು ಕೈಗೆ ಬರುತ್ತದೆ. ಅರ್ಧ ದಾರಿ ನಡೆದವರಿಗೆ ಮುಕ್ಕಾಲಿನ ಹತ್ತಿರ ಫಲ!

ಇದು ಹೇಗೆ ಸಾಧ್ಯ? ಎಲ್ಲ ಮಾಂಸವೂ ಒಂದೇ ಅಲ್ಲ, ಅದಕ್ಕೆ. ದನ, ಕುರಿ, ಆಡು ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲನ್ನು ಕರಗಿಸುವಾಗ ಮೀಥೇನ್ ಎಂಬ ಹಸಿರುಮನೆ ಅನಿಲ ಹುಟ್ಟುತ್ತದೆ. ಅದು ಹೊರಗೆ ಬರುವುದು ಬಹುಪಾಲು ತೇಗಿನಲ್ಲಿ. ಮೊದಲ 20 ವರ್ಷಗಳ ಲೆಕ್ಕ ಹಿಡಿದರೆ, ಅಷ್ಟೇ ತೂಕದ ಕಾರ್ಬನ್ ಡೈ ಆಕ್ಸೈಡ್‌ಗಿಂತ ಮೀಥೇನ್ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಆದರೆ ಗಾಳಿಯಲ್ಲಿ ಅದು ಉಳಿಯುವುದು ಸುಮಾರು 12 ವರ್ಷ ಅಷ್ಟೇ. ನನಗೆ ಇದರಲ್ಲೇ ಭರವಸೆ ಕಾಣುತ್ತದೆ. ಇವತ್ತು ಕಡಿಮೆ ಮಾಡಿದ್ದರ ಫಲವನ್ನು ಮೊಮ್ಮಕ್ಕಳ ಕಾಲದವರೆಗೆ ಕಾಯಬೇಕಾಗಿಲ್ಲ, ನಾವೇ ನೋಡಬಹುದು.

ಕೋಳಿಗೆ ಮೆಲುಕು ಹಾಕುವ ಹೊಟ್ಟೆ ಇಲ್ಲ. ಮೇವೂ ಕಡಿಮೆ ಸಾಕು. ಹಾಗಾಗಿ ದನ, ಕುರಿ ಮಾಂಸದ ಬದಲು ಕೋಳಿ ತಿಂದರೂ ಹವಾಮಾನದ ಮೇಲಿನ ಹೊರೆ ತುಂಬಾ ಇಳಿಯುತ್ತದೆ. ಇಕ್ಕಟ್ಟಾದ ಶೆಡ್‌ಗಳಲ್ಲಿ ಲಕ್ಷಗಟ್ಟಲೆ ಕೋಳಿ ಸಾಕುವ ಪದ್ಧತಿಯ ಬಗ್ಗೆ ನನಗೆ ಬೇಸರವಿದೆ, ಅದನ್ನೂ ಹೇಳಿಬಿಡುತ್ತೇನೆ. ಕಾಳು, ಬೇಳೆಯಾದರೆ ಆ ಸಂಕಟವೇ ಇಲ್ಲ. ಇನ್ನು ಮಾಂಸ ಬಿಟ್ಟು ತಟ್ಟೆ ತುಂಬಾ ಚೀಸ್ ಹಾಕಿಕೊಳ್ಳುವವರು ಒಂದು ವಿಷಯ ತಿಳಿದಿರಲಿ. ಕಿಲೋ ಲೆಕ್ಕದಲ್ಲಿ ಚೀಸ್‌ನ ಹೊರೆ ಕೋಳಿ ಮಾಂಸಕ್ಕಿಂತ ಜಾಸ್ತಿ.

"ಹತ್ತಿರದಲ್ಲೇ, ಚೆನ್ನಾಗಿ ಸಾಕಿದ್ದಾದರೆ ಪರವಾಗಿಲ್ಲ" ಅನ್ನುವ ಮಾತೂ ಕೇಳುತ್ತೇವೆ ಅಲ್ವಾ? ದನದ ಮಾಂಸದ ಒಟ್ಟು ಹೊರೆಯಲ್ಲಿ ಸಾಗಣೆಯ ಪಾಲು ನೂರಕ್ಕೆ ಒಂದೂ ಇಲ್ಲ. ಅತಿ ಕಡಿಮೆ ಹಾನಿ ಮಾಡುವ ದನದ ಮಾಂಸವೂ, ಬಟಾಣಿಯಂಥ ಕಾಳಿನಿಂದ ಅಷ್ಟೇ ಪ್ರೋಟೀನ್ ಪಡೆಯುವಾಗ ಆಗುವುದರ 36 ಪಟ್ಟು ಅನಿಲಕ್ಕೆ ಕಾರಣವಾಗುತ್ತದೆ. ಜಾಗವನ್ನೂ ಆರು ಪಟ್ಟು ತಿನ್ನುತ್ತದೆ.

ಈ ಜಾಗದ ವಿಷಯವೇ ನನ್ನನ್ನು ಹೆಚ್ಚು ಕಾಡುವುದು. ಕೃಷಿಗೆ ಬಳಸುವ ಭೂಮಿಯಲ್ಲಿ ನೂರಕ್ಕೆ 83 ಪಾಲು ಮಾಂಸ, ಹಾಲು, ಮೊಟ್ಟೆ, ಸಾಕಿದ ಮೀನಿಗೆ ಹೋಗುತ್ತದೆ. ಅದರಿಂದ ನಮಗೆ ಸಿಗುವುದು ಕ್ಯಾಲೊರಿಯಲ್ಲಿ ನೂರಕ್ಕೆ 18 ಮಾತ್ರ. ಅಮೆಜಾನ್‌ನಲ್ಲಿ ಕಾಡು ಕಡಿದ ಜಾಗದ ಬಹುಪಾಲು ಈಗ ದನ ಮೇಯುವ ಬಯಲು. ಜಗತ್ತು ಬೆಳೆಯುವ ಸೋಯಾದಲ್ಲಿ ಸುಮಾರು ಮುಕ್ಕಾಲು ಪಾಲು ಪ್ರಾಣಿಗಳ ಮೇವು. ಮೇಯಿಸುವುದು ಕಡಿಮೆಯಾದ ಕಡೆ ಕಾಡು ಮತ್ತೆ ಬೆಳೆಯಬಲ್ಲದು. ಬೆಳೆಯುವ ಮರ ಗಾಳಿಯಲ್ಲಿರುವ ಇಂಗಾಲವನ್ನು ಹೀರಿಕೊಳ್ಳುತ್ತದೆ. ಹಕ್ಕಿ, ಹುಳ, ಕಾಡುಪ್ರಾಣಿಗಳಿಗೆ ನೆಲೆ ಮರಳಿ ಸಿಗುತ್ತದೆ. ಪೆಟ್ರೋಲ್ ಕಾರಿನ ಬದಲು ಎಲೆಕ್ಟ್ರಿಕ್ ಕಾರು ಓಡಿಸುವುದರಿಂದ ಈ ಲಾಭ ಸಿಗುವುದಿಲ್ಲ. ಹಾಗಂತ ಕಲ್ಲಿದ್ದಲು, ಪೆಟ್ರೋಲಿನ ಮಾತು ಪಕ್ಕಕ್ಕಿಡಿ ಅಂತಲ್ಲ. ಭೂಮಿ ಬಿಸಿಯಾಗುವುದಕ್ಕೆ ಅವೇ ಹೆಚ್ಚಿನ ಕಾರಣ. ಎರಡೂ ಕಡಿಮೆ ಆಗಲೇಬೇಕು.

ಇಲ್ಲಿ ಯಾರ ತಟ್ಟೆ ಶುದ್ಧ, ಯಾರದ್ದು ಅಶುದ್ಧ ಅನ್ನುವ ಪ್ರಶ್ನೆಯನ್ನು ದಯವಿಟ್ಟು ತರಬೇಡಿ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ 100 ಕಿಲೋಗೂ ಜಾಸ್ತಿ ಮಾಂಸ ಸಿಗುತ್ತದೆ. ಇಥಿಯೋಪಿಯದಲ್ಲಿ 10 ಕಿಲೋ ಕೂಡ ಇಲ್ಲ. ಹೊಟ್ಟೆಗೆ ಸಾಲದ ಮಗುವಿಗೆ, ಬೇರೆ ಬೆಳೆ ಬಾರದ ಒಣನೆಲದಲ್ಲಿ ಕುರಿ ಮೇಯಿಸಿ ಬದುಕುವವರಿಗೆ ನಾನು ಈ ಮಾತು ಹೇಳುವುದಿಲ್ಲ. ದಿನಾ ಮಾಂಸ ತಿನ್ನುವ, ಆಯ್ಕೆಗಳಿರುವ ನನ್ನಂಥವರಿಗೆ, ನಿಮ್ಮಂಥವರಿಗೆ ಹೇಳುತ್ತಿದ್ದೇನೆ. ಮೊದಲು ಕಡಿಮೆ ಮಾಡಬೇಕಾದ್ದು ದನ ಮತ್ತು ಕುರಿ ಮಾಂಸ.

ಹಾಗಂತ ಇಡೀ ಭಾರ ತಿನ್ನುವವರ ಮೇಲೆ ಹಾಕುವುದೂ ಸರಿಯಲ್ಲ. ಜಾನುವಾರುಗಳಿಂದ ಹೊರಬರುವ ಅನಿಲಕ್ಕೆ 2030ರಿಂದ ತೆರಿಗೆ ಹಾಕಲು ಡೆನ್ಮಾರ್ಕ್ 2024ರಲ್ಲೇ ತೀರ್ಮಾನಿಸಿದೆ. ಉಳಿದ ಸರ್ಕಾರಗಳನ್ನೂ ನಾವು ಕೇಳಬೇಕು: ಮಾಂಸ, ಮೇವಿನ ಉದ್ಯಮಕ್ಕೆ ಕೊಡುವ ಸಹಾಯಧನವನ್ನು ಕಾಳು ಬೆಳೆಯುವ ರೈತರಿಗೆ ಯಾವಾಗ ಕೊಡುತ್ತೀರಿ?