ಇವತ್ತು ಬಿಟ್ಟಿರಿ ಸರಿ, ನಾಳೆ ಎಲ್ಲಿ ಕೊಳ್ಳುತ್ತೀರಿ?

ಕೇಳುಗರೆಲ್ಲರಿಗೂ ನಮಸ್ಕಾರ. ಮಧ್ಯಾಹ್ನದ ಸಾರಿಗೆ ಕಾಯಿ ತುರಿಯುತ್ತಾ ಕೇಳುತ್ತಿರುವವರು, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೇಳುತ್ತಿರುವ ಅಕ್ಕಂದಿರು, ಅಂಗಡಿಯ ಗಲ್ಲಾದ ಪಕ್ಕ ರೇಡಿಯೊ ಇಟ್ಟುಕೊಂಡವರು, ನಿಮ್ಮೆಲ್ಲರ ಮೊಬೈಲಿಗೂ ಈ ಸಂದೇಶ ಒಮ್ಮೆಯಾದರೂ ಬಂದಿರುತ್ತದೆ. "ಇಂಥ ತಾರೀಕಿಗೆ ಯಾರೂ ಪೆಟ್ರೋಲ್ ಹಾಕಿಸಬೇಡಿ. ಒಂದೇ ದಿನ ಸಾಕು. ಕಂಪೆನಿಗಳಿಗೆ ಕೋಟಿಗಟ್ಟಲೆ ನಷ್ಟ. ರೇಟು ಇಳಿಸಲೇಬೇಕು. ಹತ್ತು ಜನರಿಗೆ ಕಳಿಸಿ." ನಾವು ಹತ್ತಲ್ಲ, ಇಪ್ಪತ್ತು ಜನರಿಗೆ ಕಳಿಸುತ್ತೇವೆ. ಆಮೇಲೆ ಏನು ಮಾಡುತ್ತೇವೆ? ಹಿಂದಿನ ದಿನ ಸಂಜೆಯೇ ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಿಕೊಂಡು ಬರುತ್ತೇವೆ!

ಮಂಗಳವಾರ ಹಾಕಿಸಬೇಕಾದ ಪೆಟ್ರೋಲನ್ನು ಸೋಮವಾರ ಹಾಕಿಸಿದರೆ ಕಂಪೆನಿಗೆ ಏನಾಯಿತು? ಏನೂ ಆಗಲಿಲ್ಲ. ವಾರದ ಲೆಕ್ಕದಲ್ಲಿ ಒಂದು ಲೀಟರೂ ಕಡಿಮೆಯಾಗಲಿಲ್ಲ. ಮಂಗಳೂರಿನ ಸುರತ್ಕಲ್ ಕಡೆ ಹೋದವರು ಎಂಆರ್‌ಪಿಎಲ್ ಎಣ್ಣೆ ಕಾರ್ಖಾನೆಯ ಕೊಳವೆಯ ತುದಿಯಲ್ಲಿ ಉರಿಯುವ ಬೆಂಕಿ ನೋಡಿರುತ್ತೀರಿ. ಎಣ್ಣೆ ಶುದ್ಧೀಕರಿಸುವ ಕಾರ್ಖಾನೆ ಅಂದರೆ ಹಗಲು ರಾತ್ರಿ ಓಡುತ್ತಲೇ ಇರುವಂಥದ್ದು. ನಾವು ಮಂಗಳವಾರ ಸ್ಕೂಟರ್ ಮನೆಯಲ್ಲಿಟ್ಟದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ದೊಡ್ಡ ಕಂಪೆನಿಗಳ ಮಾಲನ್ನು ಒಂದು ದಿನ, ಎರಡು ದಿನ ಬಹಿಷ್ಕರಿಸಿದರೆ ಪ್ರಯೋಜನ ಇದೆಯಾ, ಈ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪ್ರಯೋಜನ ಇಲ್ಲ. ಒಂದು ದಿನ ಕೊಳ್ಳದೆ ಇದ್ದು ಮರುದಿನ ಅದೇ ಅಂಗಡಿಯಲ್ಲಿ ಅದೇ ಸಾಮಾನು ಕೊಂಡರೆ ಅದು ಖರೀದಿಯನ್ನು ಮುಂದೂಡಿದ ಹಾಗೆ, ಅಷ್ಟೇ. ಹಾಗಾಗಿ ಬಹಿಷ್ಕಾರ ಅಂತ ಯಾರು ಹೇಳಿಕೊಂಡು ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ. ಇವತ್ತು ಬಿಟ್ಟಿರಿ ಸರಿ, ನಾಳೆ ಎಲ್ಲಿ ಕೊಳ್ಳುತ್ತೀರಿ?

ಈ ಚಾಳಿ ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1999ರಲ್ಲೇ, ವಾಟ್ಸಾಪ್ ಹುಟ್ಟುವ ಮೊದಲೇ, ಇಂಥದ್ದೇ ಒಂದು ಸಂದೇಶ ಇ-ಮೇಲಿನಲ್ಲಿ ಊರೆಲ್ಲ ಸುತ್ತಿತ್ತು. ಏಪ್ರಿಲ್ 30ರಂದು ಯಾರೂ ಪೆಟ್ರೋಲ್ ಹಾಕಿಸಬೇಡಿ ಅಂತ. ರೇಟು ಜಗ್ಗಲಿಲ್ಲ. ಮೊನ್ನೆ ಮೊನ್ನೆ, 2025ರ ಫೆಬ್ರವರಿ 28ಕ್ಕೆ, 24 ಗಂಟೆ ಅಮೆಜಾನ್, ವಾಲ್‌ಮಾರ್ಟ್‌ನಂಥ ಕಡೆ ಏನೂ ಕೊಳ್ಳಬೇಡಿ ಅಂತ ಅಲ್ಲೇ ಮತ್ತೊಂದು ಕರೆ. ಟಿ.ವಿ.ಯಲ್ಲಿ ಬಂತು, ಪೇಪರಿನಲ್ಲಿ ಬಂತು. ಮಾರ್ಚ್ 1ಕ್ಕೆ ಜನ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಮತ್ತೆ ಎಲ್ಲಿಗೆ ಹೋಗುತ್ತಾರೆ, ಅಲ್ಲಿಗೇ ಹೋದರು.

ಈಗ ನಮ್ಮೂರಿನ ಕಥೆ ಹೇಳುತ್ತೇನೆ. ನಾನು ವಾಣಿಜ್ಯ ಶಾಸ್ತ್ರ ಪಾಠ ಮಾಡಿದವನು. ಪುಸ್ತಕದಲ್ಲಿ ಏನೇನೋ ಓದಿದ್ದೇನೆ, ಆದರೆ ವ್ಯಾಪಾರದಲ್ಲಿ ಯಾರ ಕೈ ಮೇಲೆ ಅನ್ನುವುದು ಅರ್ಥವಾದದ್ದು ವಿಟ್ಲದ ಕಡೆಯ ನಮ್ಮ ತೋಟದಲ್ಲಿ, ಚಾಕಲೇಟ್ ಮಾಡಲು ಬೇಕಾಗುವ ಕೊಕ್ಕೋ ಬೀಜದ ಬುಟ್ಟಿಯ ಮುಂದೆ.

ಆಗಿನ ಕಾಲಕ್ಕೆ ಕೊಕ್ಕೋ ಹೊಸ ಬೆಳೆ. ಅಡಿಕೆ ಮರಗಳ ನಡುವೆ ನೆರಳಲ್ಲಿ ಬೆಳೆಯುತ್ತದೆ, ಬೇರೆ ಜಾಗ ಬೇಡ, ವಾರ ವಾರ ಕೈಗೆ ದುಡ್ಡು ಬರುತ್ತದೆ ಅಂತ ದೊಡ್ಡ ಕಂಪೆನಿಯೊಂದರ ಜನ ಬಂದು ಹುರಿದುಂಬಿಸಿದರು. ಅಪ್ಪ ನೆಟ್ಟರು. ನೆರೆಕರೆಯವರೆಲ್ಲ ನೆಟ್ಟರು. ಅಳಿಲು ತಿಂದು ಉಳಿದ ಕಾಯಿ ಕೊಯ್ದು ತಂದರೆ, ಒಡೆದು ಬೀಜ ಬಿಡಿಸುವುದು ನಮ್ಮಂಥ ಮಕ್ಕಳ ಕೆಲಸ. ಬೀಜದ ಸುತ್ತ ಬಿಳಿ ಲೋಳೆ ಇರುತ್ತದೆ, ಹುಳಿ-ಸಿಹಿ ರುಚಿ. ನಾಲ್ಕು ಬುಟ್ಟಿಗೆ, ಒಂದು ಬಾಯಿಗೆ. ಹಸಿ ಬೀಜವನ್ನು ಗೋಣಿಯಲ್ಲಿ ಕಟ್ಟಿ ಮಾರ್ಗದ ಬದಿಗೆ ಹೊತ್ತುಕೊಂಡು ಹೋದರೆ ಕಂಪೆನಿಯ ವ್ಯಾನ್ ಬಂದು ತೂಕ ಮಾಡಿ ತೆಗೆದುಕೊಳ್ಳುತ್ತಿತ್ತು. ಒಳ್ಳೆಯ ವ್ಯವಸ್ಥೆ. ಎಲ್ಲರಿಗೂ ಖುಷಿ.

1980ರ ಆಸುಪಾಸಿನಲ್ಲಿ ರೇಟು ನೆಲಕಚ್ಚಿತು. ಒಂದು ವಾರ ವ್ಯಾನ್ ಬರಲಿಲ್ಲ. ಮುಂದಿನ ವಾರ ಬರಬಹುದು ಅಂದರು. ಆಗಲೂ ಬರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಡಿಕೆ ಆದರೆ ಕಾಯಬಹುದು. ಅಂಗಳದಲ್ಲಿ ಒಣಗಿಸಿ, ಸುಲಿದು, ಗೋಣಿ ತುಂಬಿಸಿ ಅಟ್ಟಕ್ಕೆ ಏರಿಸಿಬಿಟ್ಟರೆ ರೇಟು ಬರುವವರೆಗೆ ಬೆಳೆಗಾರ ಸುಮ್ನೆ ಕೂರಬಹುದು. ಕೊಕ್ಕೋ ಹಸಿ ಬೀಜ ಹಾಗಲ್ಲ. ರಾಶಿ ಹಾಕಿದ ಮರುದಿನವೇ ಒಳಗೆ ಬಿಸಿ ಏಳುತ್ತದೆ, ಕೈ ಇಟ್ಟರೆ ಗೊತ್ತಾಗುತ್ತದೆ. ಗೋಣಿಯಿಂದ ಹುಳಿ ನೀರು ಸೋರಿ ಜಗಲಿಯ ಮೆಟ್ಟಿಲವರೆಗೆ ಬಂದಿತ್ತು, ಅದರ ಮೇಲೆ ನೊಣದ ಹಿಂಡು. ಹೊರಗೆ ಮಳೆ ಹಿಡಿದಿದೆ, ಒಣಗಿಸೋಣ ಅಂದರೆ ಬಿಸಿಲಿಲ್ಲ. ಅಪ್ಪ ಎರಡು ದಿನ ನೋಡಿದರು. ಮೂರನೇ ದಿನ ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದರು. ಅಮ್ಮ ಜಗಲಿ ತೊಳೆದರು. ನಮ್ಮ ಕಡೆ ಎಷ್ಟೋ ಜನ ಕೊಕ್ಕೋ ಗಿಡವನ್ನೇ ಕಡಿದು ಹಾಕಿದರು.

ಕಂಪೆನಿ ಗಲಾಟೆ ಮಾಡಿತೇ? ಘೋಷಣೆ ಕೂಗಿತೇ? ಇಲ್ಲ. ವ್ಯಾನ್ ಕಳಿಸಲಿಲ್ಲ, ಅಷ್ಟೇ. ಅದು ನಮ್ಮನ್ನೇ ಬಹಿಷ್ಕರಿಸಿತ್ತು! ಆ ಪೆಟ್ಟು ಯಾಕೆ ಅಷ್ಟು ಬಲವಾಗಿ ಬಿತ್ತು? ಅದಕ್ಕೆ ಬೀಜ ಕೊಡುವವರು ಬೇರೆ ಕಡೆ ಇದ್ದರು, ನಮ್ಮಿಂದ ಕೊಳ್ಳುವವರು ಬೇರೆ ಇರಲಿಲ್ಲ. ನಾಳೆ ಎಲ್ಲಿ ಅನ್ನುವ ಪ್ರಶ್ನೆಗೆ ಅದರ ಹತ್ತಿರ ಉತ್ತರ ಇತ್ತು, ನಮ್ಮ ಹತ್ತಿರ ಇರಲಿಲ್ಲ.

ಆ ಉತ್ತರ ಮಾಡಿಕೊಟ್ಟದ್ದು ಕ್ಯಾಂಪ್ಕೊ. ಅದು 1973ರ ಜುಲೈ 11ಕ್ಕೆ ಹುಟ್ಟಿದ್ದೇ ಅಡಿಕೆ ರೇಟು ಬಿದ್ದು ಬೆಳೆಗಾರರು ಕಂಗಾಲಾದಾಗ. ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕಟ್ಟಿದ್ದು. ಬೆಳೆಗಾರರದ್ದೇ ಸಹಕಾರಿ ಸಂಸ್ಥೆ. ಅದು ಕೊಕ್ಕೋ ಖರೀದಿಗೂ ಇಳಿಯಿತು. ಕೊಂಡ ಬೀಜವನ್ನು ಏನು ಮಾಡುವುದು? ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿದರು. 1986ರ ಸೆಪ್ಟೆಂಬರ್ 1ಕ್ಕೆ ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟನೆ ಮಾಡಿದರು. ಯೋಚನೆ ಮಾಡಿ, ಅಡಿಕೆ ಸುಲಿಯುತ್ತಿದ್ದ ಊರಿನಲ್ಲಿ ಚಾಕಲೇಟ್ ಕಾರ್ಖಾನೆ! ನನಗೆ ಇವತ್ತಿಗೂ ಈ ಕಥೆ ಹೇಳುವಾಗ ಉತ್ಸಾಹ ತಡೆಯಲು ಆಗುವುದಿಲ್ಲ, ಕ್ಷಮಿಸಿ. ನಮ್ಮವರು ಆ ಕಂಪೆನಿಯ ಚಾಕಲೇಟನ್ನು ಒಂದು ದಿನ ತಿನ್ನಬೇಡಿ ಅಂತ ಕರೆ ಕೊಡಲಿಲ್ಲ. ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಬೀಜ ಒಯ್ಯಲು ಇನ್ನೊಂದು ಬಾಗಿಲು ಮಾಡಿಕೊಂಡರು.

ಮಾರುವವರಿಗೆ ಹೇಗೋ ಕೊಳ್ಳುವವರಿಗೂ ಹಾಗೇ. ಇನ್ನೊಂದು ಬಾಗಿಲು ಇದೆಯಾ ಇಲ್ಲವಾ, ಅಲ್ಲಿಗೆ ಎಲ್ಲ ತೀರ್ಮಾನ ಆಗುತ್ತದೆ.

ಹಾಗಾದರೆ ಒಂದು ದಿನದ ಬಹಿಷ್ಕಾರ ಎಲ್ಲೂ ಗೆದ್ದಿಲ್ಲವಾ ಅಂತ ನೀವು ಕೇಳಬಹುದು. ಒಂದು ದಿನಕ್ಕೆ ಅಂತ ಶುರುವಾಗಿ ಗೆದ್ದದ್ದು ಇದೆ. ಅಮೆರಿಕದ ಮಾಂಟ್‌ಗೊಮರಿ ಊರು. ಬಸ್ಸಿನಲ್ಲಿ ಕರಿಯರು ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕು ಅನ್ನುವ ಕಾನೂನು. ರೋಸಾ ಪಾರ್ಕ್ಸ್ ಎಂಬ ಹೆಂಗಸು ಏಳಲಿಲ್ಲ, ಪೊಲೀಸರು ಹಿಡಿದರು. 1955ರ ಡಿಸೆಂಬರ್ 5, ಸೋಮವಾರ, ಆ ಒಂದು ದಿನ ಯಾರೂ ಬಸ್ ಹತ್ತಬೇಡಿ ಅಂತ ರಾತ್ರೋರಾತ್ರಿ ಚೀಟಿ ಹಂಚಿದರು. ಹತ್ತಲಿಲ್ಲ. ಆ ಬಸ್ಸುಗಳಲ್ಲಿ ಮುಕ್ಕಾಲು ಪಾಲು ಜನ ಕರಿಯರೇ, ಹಾಗಾಗಿ ಬಸ್ಸು ಖಾಲಿ ಓಡಿತು. ಅಲ್ಲಿಗೇ ನಿಲ್ಲಿಸಿದ್ದರೆ ಮಂಗಳವಾರ ಎಲ್ಲರೂ ಮತ್ತೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ. ಆದರೆ ಆ ಸಂಜೆಯೇ ಸಭೆ ಸೇರಿ ಮುಂದುವರಿಸೋಣ ಅಂದರು. 381 ದಿನ ನಡೆಯಿತು!

ಹೇಗೆ ನಡೆಯಿತು? ಮೊದಲು ಟ್ಯಾಕ್ಸಿಯವರು ಬಸ್ಸಿನ ಚಾರ್ಜಿಗೇ, ಹತ್ತು ಸೆಂಟಿಗೇ, ಜನರನ್ನು ಕರೆದುಕೊಂಡು ಹೋದರು. ಅಧಿಕಾರಿಗಳು ಅದಕ್ಕೆ ಅಡ್ಡಗಾಲು ಹಾಕಿದಾಗ, ಕಾರು ಇದ್ದವರೆಲ್ಲ ಸೇರಿ ಇಂಥ ಹೊತ್ತಿಗೆ ಇಂಥ ಕಡೆ ಕಾರು ಬರುತ್ತದೆ ಅಂತ ಏರ್ಪಾಟು ಮಾಡಿದರು. ಪೆಟ್ರೋಲಿಗೆ ದುಡ್ಡು? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆ ಕೆಲಸದ ಹೆಂಗಸು ಜೊತೆಯವರನ್ನು ಕಟ್ಟಿಕೊಂಡು ಊಟ, ಕೇಕ್ ಮಾಡಿ ಮಾರಿ ಹಣ ಕೂಡಿಸಿ ಕೊಟ್ಟಳು. ಆ ಊರಿನವರು ನಾಳೆ ಕೆಲಸಕ್ಕೆ ಹೇಗೆ ಹೋಗುವುದು ಅನ್ನುವುದಕ್ಕೆ ಉತ್ತರ ಕಂಡುಕೊಂಡರು, ಅದಕ್ಕೇ ವರ್ಷದ ಮೇಲೆ ತಾಳಿದರು. ಕೊನೆಗೆ 1956ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಾನೂನು ನಿಲ್ಲುವುದಿಲ್ಲ ಅಂದಿತು. ನಮ್ಮ ಅಜ್ಜಂದಿರು ಸಿಂಡಿಕೇಟ್ ಬ್ಯಾಂಕಿಗೆ ದಿನಕ್ಕೆ ಎರಡಾಣೆ ಪಿಗ್ಮಿ ಉಳಿತಾಯ ಕಟ್ಟಿದ ಹಾಗೆ, ಆ ಗೆಲುವೂ ಕೂಡಿ ಬಂದದ್ದು ದಿನ ದಿನ ಸ್ವಲ್ಪ ಸ್ವಲ್ಪ.

ಗಾಜಿನ ಆಚೆ ಕೂತವರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಬರೆದುಕೊಂಡು ಬಂದದ್ದು ಇನ್ನೂ ಎರಡು ಪುಟ ಇದೆ, ಓಡಿಸುತ್ತೇನೆ.

ಸ್ವದೇಶಿ ಚಳವಳಿ ನಿಮಗೆ ಗೊತ್ತೇ ಇದೆ. ವಿದೇಶಿ ಬಟ್ಟೆ ಬಿಡಿ ಅಂದ ಗಾಂಧೀಜಿ ಜೊತೆಗೇ ಚರಕ ಕೈಗೆ ಕೊಟ್ಟರು. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರ ಊರಾದ ಮಂಗಳೂರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

2023ರಲ್ಲಿ ಅಮೆರಿಕದಲ್ಲಿ ಬಡ್ ಲೈಟ್ ಎಂಬ ಬಿಯರಿನ ಮೇಲೆ ಒಂದು ಪ್ರಚಾರದ ವಿಷಯಕ್ಕೆ ಜನ ಸಿಟ್ಟಾದರು. ಸಿಟ್ಟು ಸರಿಯೋ ತಪ್ಪೋ, ಅದು ಬೇರೆ ಮಾತು. ವರ್ಷಗಟ್ಟಲೆ ಮಾರಾಟದಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಕೆಲವೇ ವಾರಗಳಲ್ಲಿ ಕೆಳಗಿಳಿಯಿತು. ಕಾರಣ ಸುಲಭ. ಬೇರೆ ಬಿಯರು ಅದೇ ಅಂಗಡಿಯ ಅದೇ ಫ್ರಿಜ್ಜಿನಲ್ಲಿ, ಹೆಚ್ಚುಕಡಿಮೆ ಅದೇ ರೇಟಿಗೆ ಇತ್ತು.

ಮೊರಾಕ್ಕೋ ದೇಶದಲ್ಲಿ 2018ರ ಏಪ್ರಿಲ್‌ನಲ್ಲಿ ಬೆಲೆ ಏರಿಕೆಗೆ ಸಿಟ್ಟಾದ ಜನ ಎಲ್ಲ ಕಂಪೆನಿಗಳ ಮೇಲೆ ಬೀಳಲಿಲ್ಲ. ಮೂರನ್ನೇ ಆರಿಸಿಕೊಂಡರು. ಹಾಲಿಗೆ ಒಂದು, ಬಾಟಲಿ ನೀರಿಗೆ ಒಂದು, ಪೆಟ್ರೋಲಿಗೆ ಒಂದು. ಉಳಿದ ಕಂಪೆನಿಗಳಿಂದ ಕೊಳ್ಳಬಹುದು, ಹಾಗಾಗಿ ಮಕ್ಕಳಿಗೆ ಹಾಲು ತಪ್ಪಲಿಲ್ಲ. ತಿಂಗಳುಗಟ್ಟಲೆ ಬಿಡಲಿಲ್ಲ. ಹಾಲಿನ ಕಂಪೆನಿ ಡಾನೋನ್‌ನ ಮುಖ್ಯಸ್ಥ ಫ್ರಾನ್ಸಿನಿಂದ ಬಂದು ಜನರ ಜೊತೆ ಮಾತಾಡಿ, ಸೆಪ್ಟೆಂಬರಿನಲ್ಲಿ ರೇಟು ಇಳಿಸಿದ. ನಡುವೆ ಆ ಕಂಪೆನಿ ರೈತರಿಂದ ಕೊಳ್ಳುವ ಹಾಲನ್ನು ಶೇ. 30ರಷ್ಟು ಕಡಿಮೆ ಮಾಡಿತ್ತು. ಕರೆದ ಹಾಲೂ ಹಸಿ ಕೊಕ್ಕೋದ ಹಾಗೆ ಕಾಯುವುದಿಲ್ಲ ನೋಡಿ. ಇದರ ಬಗ್ಗೆಯೇ ಇನ್ನೊಂದು ಭಾಷಣ ಆಗಬೇಕು, ಆಕಾಶವಾಣಿಯವರು ಕರೆದರೆ ಬರುತ್ತೇನೆ.

ಕೊನೆಗೆ ನಿಮ್ಮ ಕೈಯಲ್ಲಿರುವ ಮೊಬೈಲು. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳೆಲ್ಲ ಒಟ್ಟಿಗೆ ರೀಚಾರ್ಜ್ ರೇಟು ಏರಿಸಿದಾಗ ಜನ ಬಿಎಸ್ಸೆನ್ನೆಲ್ ಕಡೆ ನಡೆದರು. ಆ ಒಂದೇ ತಿಂಗಳಲ್ಲಿ ಅದಕ್ಕೆ ಸುಮಾರು 29 ಲಕ್ಷ ಗಿರಾಕಿಗಳು ಜಾಸ್ತಿಯಾದರು. ಆ ಸಂಖ್ಯೆ ನೋಡಿ ನನಗೂ ಆಸೆ ಹುಟ್ಟಿತ್ತು. ನವೆಂಬರ್ ಹೊತ್ತಿಗೆ ಬಿಎಸ್ಸೆನ್ನೆಲ್ ಗಿರಾಕಿಗಳು ಮತ್ತೆ ಇಳಿಯತೊಡಗಿದರು. ರೀಚಾರ್ಜ್ ರೇಟು ಏರಿದಲ್ಲೇ ಉಳಿಯಿತು. ಸಿಟ್ಟು ನಿಜವಾಗಿತ್ತು, ಬಾಗಿಲೂ ಇತ್ತು, ಒಳಗೆ ಹೋದರೆ ಸಿಗ್ನಲ್ ಸಾಲಲಿಲ್ಲ.

ಆದ್ದರಿಂದ ಪೋರ್ಟ್ ಮಾಡಬೇಕು, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪೆನಿ ಬದಲಿಸಬೇಕು ಅಂತಿರುವವರು ಅವಸರ ಮಾಡಬೇಡಿ. ನೀವು ಹೋಗಬೇಕೆಂದಿರುವ ಕಂಪೆನಿಯ ಸಿಮ್ ಇರುವ ನೆರೆಮನೆಯವರ ಫೋನನ್ನು ಒಂದು ಸಂಜೆ ಕೇಳಿ ತನ್ನಿ. ನಿಮ್ಮ ಅಡುಗೆಮನೆಯಲ್ಲಿ, ಒಳಕೋಣೆಯಲ್ಲಿ ಹಿಡಿದು ನೋಡಿ. ಎರಡು ಕಡ್ಡಿಯಾದರೂ ಬಂದರೆ ಧೈರ್ಯವಾಗಿ ಮಾಡಿ, ಮಾಡಿದ ಮೇಲೆ ಹಿಂದೆ ಬರಬೇಡಿ. ಬರದಿದ್ದರೆ ಮೊದಲು ಊರಿನವರೆಲ್ಲ ಸಹಿ ಹಾಕಿ ಟವರ್‌ಗೆ ಅರ್ಜಿ ಕೊಡಿ. ಫಾರ್ವರ್ಡ್ ಮಾಡುವುದಕ್ಕಿಂತ ಅದು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಗೊತ್ತು. ನಮಸ್ಕಾರ.