ಪಬ್ ತೆರೆಯುವ ಮುನ್ನ ಕಿಟಕಿ ತೆರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊರೊನಾ ಸೋಂಕು ಹರಡುತ್ತಿದ್ದ ಕಾರಣ 2020ರ ಮಾರ್ಚ್ 20ರ ರಾತ್ರಿ ಬ್ರಿಟನ್ನಿನ ಪಬ್‌ಗಳೆಲ್ಲ ಬಾಗಿಲು ಹಾಕಿದವು. ಇಂಗ್ಲೆಂಡಿನಲ್ಲಿ ಅವು ಮತ್ತೆ ತೆರೆದದ್ದು ಜುಲೈ 4ಕ್ಕೆ. ಈ ಮೂರೂವರೆ ತಿಂಗಳು ಅಲ್ಲಿ ಜೋರಾಗಿ ಕೇಳಿಬಂದ ವಾದ ಒಂದು ಅಳತೆಯದು: ಜನರ ನಡುವೆ ಎರಡು ಮೀಟರ್ ಬಿಡಬೇಕೋ, ಒಂದು ಮೀಟರ್ ಸಾಕೋ? ಎರಡು ಬಿಟ್ಟರೆ ಗಿರಾಕಿಗಳನ್ನು ಕೂರಿಸಲು ಜಾಗವೇ ಇಲ್ಲ, ವ್ಯಾಪಾರ ಗಿಟ್ಟುವುದಿಲ್ಲ ಎಂದರು ಮಾಲೀಕರು. ಒಂದಕ್ಕೆ ಇಳಿಸಿದರೆ ಅಪಾಯ ಹೆಚ್ಚುತ್ತದೆ ಎಂದರು ವಿಜ್ಞಾನಿಗಳು. ಜೂನ್ 23ರಂದು ಸರ್ಕಾರ ನಡುದಾರಿ ಹಿಡಿದು, ಒಂದು ಮೀಟರ್ ಜೊತೆಗೆ ಒಂದಿಷ್ಟು ಮುನ್ನೆಚ್ಚರಿಕೆ ಎಂದು ಸಾರಿತು.

ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಮುಚ್ಚಿದ ಕೋಣೆಯಲ್ಲಿ ಮೇಜಿನ ಅಂತರಕ್ಕಿಂತ ಗಾಳಿ ಮುಖ್ಯ. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬೇಕು. ಸೋಂಕಿತರು ಮಾತಾಡುವಾಗ ಬಾಯಿಂದ ಹೊರಡುವ ಸಣ್ಣ ಹನಿಗಳು ಸಿಗರೇಟಿನ ಹೊಗೆಯ ಹಾಗೆ ಗಾಳಿಯಲ್ಲಿ ತೇಲುತ್ತವೆ. ಹೊಗೆಗೆ ಮೇಜಿನ ಅಂತರ ತಿಳಿಯುವುದಿಲ್ಲ.

ಇದಕ್ಕೆ ಚೀನಾದ ಗ್ವಾಂಗ್‌ಝೌ ನಗರದ ಒಂದು ರೆಸ್ಟೋರೆಂಟಿಗಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2020ರ ಜನವರಿ 24, ಚೀನೀಯರ ಹೊಸ ವರ್ಷದ ಹಿಂದಿನ ದಿನ, ಮಧ್ಯಾಹ್ನದ ಊಟದ ಹೊತ್ತು. ಮೂರನೆಯ ಮಹಡಿ, ಹೊರಗೆ ತೆರೆಯುವ ಕಿಟಕಿ ಒಂದೂ ಇಲ್ಲ. ಒಂದೇ ಸಾಲಿನ ಮೂರು ಮೇಜುಗಳಲ್ಲಿ ಮೂರು ಕುಟುಂಬಗಳು. ನಡುವಿನ ಮೇಜಿನವರು ಹಿಂದಿನ ದಿನವಷ್ಟೇ ವುಹಾನಿನಿಂದ ಬಂದವರು. ಅವರಲ್ಲಿ ಒಬ್ಬರಿಗೆ ಅದೇ ದಿನ ಜ್ವರ, ಕೆಮ್ಮು ಕಾಣಿಸಿಕೊಂಡಿತು. ಮೇಜುಗಳ ನಡುವೆ ಸುಮಾರು ಒಂದು ಮೀಟರ್ ಅಂತರವಿತ್ತು. ಒಂದು ಪಕ್ಕದವರು ಇವರೊಂದಿಗೆ ಆ ಕೋಣೆಯಲ್ಲಿ ಇದ್ದದ್ದು 53 ನಿಮಿಷ, ಇನ್ನೊಂದು ಪಕ್ಕದವರು 73 ನಿಮಿಷ. ಅಷ್ಟರಲ್ಲೇ ಮೂರೂ ಕುಟುಂಬಗಳಿಗೆ ಸೋಂಕು ಹಬ್ಬಿತು. ಫೆಬ್ರವರಿ 5ರ ಹೊತ್ತಿಗೆ ಒಟ್ಟು ಹತ್ತು ಮಂದಿ ಕಾಯಿಲೆ ಬಿದ್ದಿದ್ದರು.

ಗಮನಿಸಬೇಕಾದದ್ದು ಇನ್ನು ಮುಂದಿನದು. ಅದೇ ಮಹಡಿಯಲ್ಲಿ ಊಟ ಮಾಡುತ್ತಿದ್ದ ಉಳಿದ 73 ಗಿರಾಕಿಗಳಿಗೆ ಏನೂ ಆಗಲಿಲ್ಲ. ಬಡಿಸುತ್ತ ಓಡಾಡಿದ ಎಂಟು ಜನ ಕೆಲಸದವರಿಗೂ ಆಗಲಿಲ್ಲ. ಯಾಕೆ? ಆ ಮೂರು ಮೇಜುಗಳಿಗೆ ಒಂದೇ ಎ.ಸಿ. ಅದು ತುದಿಯ ಮೇಜಿನ ಮೇಲಿಂದ ಗಾಳಿ ಊದುತ್ತಿತ್ತು. ಆ ಗಾಳಿ ಮೂರೂ ಮೇಜು ದಾಟಿ, ಎದುರು ಗೋಡೆಗೆ ತಾಗಿ, ತಿರುಗಿ ಅದೇ ಎ.ಸಿ.ಗೆ ಬರುತ್ತಿತ್ತು. ಎಗ್ಸಾಸ್ಟ್ ಫ್ಯಾನ್‌ಗಳು ಮುಚ್ಚಿದ್ದವು. ಆಮೇಲೆ ಸಂಶೋಧಕರು ಅಳೆದಾಗ ಸಿಕ್ಕ ಹೊರಗಾಳಿ ತಲಾ ಸೆಕೆಂಡಿಗೆ ಒಂದು ಲೀಟರಿನ ಆಸುಪಾಸು. ಬ್ರಿಟನ್ನಿನಲ್ಲಿ ಇಂಥ ಜಾಗಗಳಿಗೆ ಸಾಮಾನ್ಯವಾಗಿ ಹೇಳುವುದು ತಲಾ ಹತ್ತು ಲೀಟರ್. ಮೇಜನ್ನು ಇನ್ನೊಂದು ಮೀಟರ್ ಸರಿಸಿದ್ದರೂ ಆ ಗಾಳಿಯ ಸುತ್ತಿನಿಂದ ಹೊರಗೆ ಹೋಗುತ್ತಿರಲಿಲ್ಲ.

ಈಗ ಪಬ್ಬಿಗೆ ಬರೋಣ. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆ ಎಂದಿಟ್ಟುಕೊಳ್ಳಿ. ಒಳಗೆ 40 ಜನ. ತಲಾ ಹತ್ತು ಲೀಟರಿನಂತೆ ಸೆಕೆಂಡಿಗೆ 400 ಲೀಟರ್ ಹೊರಗಾಳಿ ಬೇಕು. ಅಂದರೆ ಗಂಟೆಗೆ ಆರು ಸಲ ಕೋಣೆಯಷ್ಟು ಗಾಳಿ ಬದಲಾಗಬೇಕು. ಬದಲಾಗುತ್ತಿದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಆದರೆ ಗಾಳಿ ಬದಲಾಗದಿದ್ದರೆ ಜನರ ಉಸಿರಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿಕೊಳ್ಳುತ್ತದೆ. ಅದನ್ನು ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಹೊರಗೆ ಆ ಮೀಟರ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ, ತೋರಿಸುತ್ತದೆ. ಒಳಗೆ 800ರ ಒಳಗಿದ್ದರೆ ಚೆನ್ನ. 1500 ದಾಟಿ ಅಲ್ಲೇ ನಿಂತರೆ ಕೋಣೆ ಉಸಿರುಗಟ್ಟಿದೆ ಎಂದೇ ಅರ್ಥ. ಕಿಟಕಿ ತೆರೆಯಿರಿ, ಇಲ್ಲವೇ ಜನರನ್ನು ಕಡಿಮೆ ಮಾಡಿ. ಮೀಟರನ್ನು ತಲೆಯ ಎತ್ತರಕ್ಕೆ ಇಡಿ. ಕಿಟಕಿಯ ಪಕ್ಕ ಇಟ್ಟರೆ ಸುಳ್ಳು ಹೇಳುತ್ತದೆ. ಯಾರದಾದರೂ ಮುಖದ ಮುಂದೆ ಇಟ್ಟರೂ ಅಷ್ಟೇ, ಅರ್ಧ ಮೀಟರಾದರೂ ದೂರವಿರಲಿ. ಒಳಗಾಳಿಯನ್ನೇ ಶೋಧಿಸುವ ಯಂತ್ರ ವೈರಾಣುವನ್ನು ಹಿಡಿಯುತ್ತದೆ, ಆದರೆ ಮೀಟರಿನ ಅಂಕಿ ಇಳಿಯುವುದಿಲ್ಲ. ಅದನ್ನು ನೋಡಿ ಯಂತ್ರ ಕೆಟ್ಟಿದೆ ಎಂದು ಬಂದ್ ಮಾಡಬೇಡಿ.

ಹಳೆಯ ಇಂಗ್ಲಿಷ್ ಪಬ್‌ಗಳಲ್ಲಿ ಮೇಲೊಂದು ಕೆಳಗೊಂದು ಚೌಕಟ್ಟು ಇದ್ದು, ಮೇಲೆ ಕೆಳಗೆ ಜಾರುವ ಕಿಟಕಿಗಳಿರುತ್ತವೆ. ಎಷ್ಟೋ ಕಡೆ ಮತ್ತೆ ಮತ್ತೆ ಬಣ್ಣ ಬಳಿದು ಅವು ಅಂಟಿಹೋಗಿವೆ. ಚೌಕಟ್ಟಿನ ಸಂದಿಯಲ್ಲಿ ಚಾಕುವಿನ ಮೊನೆ ಎಳೆದು ಬಣ್ಣ ಬಿಡಿಸಬೇಕು. ಒಳಗೆ ತೂಕದ ಗುಂಡು ಕಟ್ಟಿದ ಹಗ್ಗ ಹರಿದಿದ್ದರೆ ಬದಲಿಸಬೇಕು, ಇಲ್ಲದಿದ್ದರೆ ಎತ್ತಿದ ಕಿಟಕಿ ಧೊಪ್ಪೆಂದು ಬೀಳುತ್ತದೆ. ಆಮೇಲೆ ಮೇಲಿನದನ್ನು ಒಂದಿಷ್ಟು ಇಳಿಸಿ, ಕೆಳಗಿನದನ್ನು ಒಂದಿಷ್ಟು ಎತ್ತಿ. ಬಿಸಿ ಗಾಳಿ ಮೇಲಿನಿಂದ ಹೊರಟು ತಂಪು ಗಾಳಿ ಕೆಳಗಿನಿಂದ ಬರುತ್ತದೆ. ಚಳಿಗಾಲದಲ್ಲಿ ಮೇಲಿನದೊಂದೇ ತೆರೆದರೂ ಸಾಕು, ಕುಳಿತವರಿಗೆ ಚಳಿ ಹೊಡೆಯುವುದಿಲ್ಲ. ಎದುರುಬದುರು ಗೋಡೆಗಳಲ್ಲಿ ಕಿಟಕಿ ಇದ್ದರೆ ಎರಡನ್ನೂ ತೆರೆಯಿರಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಗಟ್ಟಿಯಾಗಿ ಮಾತಾಡಿದಷ್ಟೂ ಬಾಯಿಂದ ಹೊರಡುವ ಹನಿ ಹೆಚ್ಚು. ಸಂಗೀತ ಜೋರಾದರೆ ಜನ ಕೂಗಿ ಮಾತಾಡುತ್ತಾರೆ. ಸ್ಕಾಟ್ಲೆಂಡ್ 2020ರ ಆಗಸ್ಟಿನಲ್ಲಿ ಪಬ್‌ಗಳ ಹಿನ್ನೆಲೆ ಸಂಗೀತವನ್ನೇ ನಿಲ್ಲಿಸಿತು. ಅದು ಸರಿಯಾದ ನಿಯಮ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 24ರಿಂದ ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಎಂದರು. ಅದರಿಂದ ಎಲ್ಲರೂ ಒಟ್ಟಿಗೇ ಬೀದಿಗೆ, ಬಸ್ಸಿಗೆ ನುಗ್ಗುವಂತಾಯಿತು. ಡಿಸೆಂಬರಿನಲ್ಲಿ ಕೆಲವು ಪ್ರದೇಶಗಳಲ್ಲಿ ಹೊಟ್ಟೆತುಂಬ ಊಟದ ಜೊತೆಗೆ ಮಾತ್ರ ಮದ್ಯ ಎಂದರು. ಊಟಕ್ಕೆ ಕೂತವರು ಅದೇ ಗಾಳಿಯಲ್ಲಿ ಇನ್ನೂ ಹೆಚ್ಚು ಹೊತ್ತು ಕೂರುತ್ತಾರೆ. ಇಷ್ಟು ನಿಯಮ ಬರೆಯುವ ಬದಲು ಪ್ರತಿ ಪಬ್ಬಿಗೂ ಇಂಗಾಲದ ಡೈಆಕ್ಸೈಡ್ ಅಳೆಯುವ ಒಂದು ಮೀಟರ್ ಕೊಡಿಸಬಹುದಿತ್ತು. ಶಾಲೆ ತೆರೆಯಬೇಕಾದರೆ ಪಬ್ ಮುಚ್ಚಬೇಕಾದೀತು ಎಂಬ ಚರ್ಚೆಯೂ ಆ ಆಗಸ್ಟಿನಲ್ಲಿ ನಡೆಯಿತು. ಶಾಲೆಯ ಕೋಣೆಗೂ ನಾನು ಕೇಳುವ ಪ್ರಶ್ನೆ ಅದೇ, ಕಿಟಕಿ ತೆರೆಯುತ್ತದೆಯೇ?

ಕಡೆಯದಾಗಿ, ಎಗ್ಸಾಸ್ಟ್ ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಗಾಳಿ ಎಳೆಯುತ್ತಿದೆ ಎಂದು ನಂಬಬೇಡಿ. ಜಾಲರಿಗೆ ಒಂದು ತೆಳು ಟಿಶ್ಯೂ ಹಿಡಿದು ಕೈ ಬಿಡಿ. ಅಂಟಿ ನಿಂತರೆ ಸರಿ. ಬಿದ್ದರೆ ಜಾಲರಿಯಲ್ಲಿ ಧೂಳು ಕಟ್ಟಿರಬಹುದು, ಹೊರಗಿನ ಮುಚ್ಚಳ ಸಿಕ್ಕಿಕೊಂಡಿರಬಹುದು, ಅಥವಾ ಎಲ್ಲ ಕಿಟಕಿ ಮುಚ್ಚಿದ್ದರಿಂದ ಎಳೆಯಲು ಗಾಳಿಯೇ ಇಲ್ಲದಿರಬಹುದು. ಮೊದಲು ಒಂದು ಕಿಟಕಿ ತೆರೆದು ಮತ್ತೆ ಹಿಡಿದು ನೋಡಿ. ಆಗಲೂ ಬಿದ್ದರೆ ಬಿಚ್ಚಿ ಸ್ವಚ್ಛ ಮಾಡಿಸಿ, ಅದಾದ ಮೇಲೆ ಗಿರಾಕಿಗಳನ್ನು ಒಳಗೆ ಬಿಡಿ. ನಮಸ್ಕಾರ.